ಆರು ಲಕ್ಷ ಜನ, ನಾಲ್ಕು ದಫ್ತರ: ಸಿಕ್ಕಿಂನ ಅಂಕಿಗಳನ್ನು ಓದುವ ಬಗೆ

ನೆಲದ ಲೆಕ್ಕದಲ್ಲಿ ಚಿಕ್ಕಮಗಳೂರು ಜಿಲ್ಲೆಗಿಂತ ತುಸು ಕಡಿಮೆ, ಜನರ ಲೆಕ್ಕದಲ್ಲಿ ಕೊಡಗಿಗಿಂತ ತುಸು ಹೆಚ್ಚು. ಸಿಕ್ಕಿಂ ರಾಜ್ಯ ಅಂದರೆ ಇಷ್ಟೇ: 7,096 ಚದರ ಕಿಲೋಮೀಟರ್ ಜಾಗ, 2011ರ ಜನಗಣತಿಯಂತೆ 6,10,577 ಜನ. ಇಷ್ಟು ಪುಟ್ಟ ರಾಜ್ಯದಲ್ಲಿ ಯಾರಿದ್ದಾರೆ, ಏನು ಮಾತಾಡುತ್ತಾರೆ ಎಂದು ಕೇಳಿದರೆ ಒಂದೇ ಸಾಲಿನಲ್ಲಿ ಉತ್ತರ ಸಿಗುತ್ತದೆ: ಲೆಪ್ಚಾ, ಭುಟಿಯಾ, ನೇಪಾಳಿ. ಪ್ರವಾಸಿ ಕರಪತ್ರದಿಂದ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿನ ತನಕ ಇದೇ ಮೂರು ಹೆಸರು. ಉತ್ತರ ಸುಳ್ಳೇನಲ್ಲ. ಆದರೆ ಅದನ್ನು ನಂಬಿಕೊಂಡು ಸರ್ಕಾರಿ ಕೋಷ್ಟಕಗಳನ್ನು ತೆರೆದರೆ ಒಂದು ಅಂಕಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ.

ತಾಳೆಯಾಗದಿರುವುದಕ್ಕೆ ಕಾರಣವಿದೆ. ಅದೇ ಆರು ಲಕ್ಷ ಜನರನ್ನು ಅಲ್ಲಿ ನಾಲ್ಕು ಬೇರೆ ಬೇರೆ ದಫ್ತರಗಳಲ್ಲಿ ಬರೆದಿಡಲಾಗಿದೆ. ಒಂದು, ಜನಗಣತಿಯ ಮಾತೃಭಾಷೆ ಕಾಲಂ. ಎರಡು, ಪರಿಶಿಷ್ಟ ಪಂಗಡಗಳ ಪಟ್ಟಿ. ಮೂರು, ವಿಧಾನಸಭೆಯ ಮೀಸಲು ಕ್ಷೇತ್ರಗಳ ಹಂಚಿಕೆ. ನಾಲ್ಕು, ರಾಜರ ಕಾಲದ ಸಿಕ್ಕಿಂ ಪ್ರಜೆಗಳ ರಿಜಿಸ್ಟರ್. ನಾಲ್ಕೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದವು. ಒಂದರಲ್ಲಿ ಒಳಗಿರುವವರು ಇನ್ನೊಂದರಲ್ಲಿ ಹೊರಗಿರುತ್ತಾರೆ.

ಮೊದಲು ಜನ ಬಂದ ಕ್ರಮ ನೋಡೋಣ. ಲೆಪ್ಚಾಗಳು ತಮ್ಮನ್ನು ರೋಂಗ್ ಎಂದು ಕರೆದುಕೊಳ್ಳುತ್ತಾರೆ, ಕಾಂಚನಜುಂಗಾದ ಬುಡವೇ ತಮ್ಮ ಮೂಲ ಎನ್ನುತ್ತಾರೆ. ಪಶ್ಚಿಮದಲ್ಲಿ ಲಿಂಬೂಗಳು ಅಷ್ಟೇ ಹಳಬರು. ಟಿಬೆಟಿನ ಖಾಮ್ ಕಡೆಯಿಂದ ಬಂದ ಭುಟಿಯಾಗಳು ಆಮೇಲೆ ನೆಲೆನಿಂತರು. 1642ರಲ್ಲಿ ಯುಕ್ಸೋಮ್‌ನಲ್ಲಿ ಫುಂಟ್ಸೋಗ್ ನಾಮ್‌ಗ್ಯಾಲ್ ಮೊದಲ ಚೋಗ್ಯಾಲನಾಗಿ, ಅಂದರೆ ಅರಸನಾಗಿ, ಪಟ್ಟಕ್ಕೇರಿದ. ಭುಟಿಯಾ, ಲೆಪ್ಚಾ, ಲಿಂಬೂ ಈ ಮೂವರೂ ಕೂಡಿ ಕಟ್ಟಿದ ರಾಜ್ಯ ಇದೆಂಬುದನ್ನು ಅಲ್ಲಿ 'ಲ್ಹೋ ಮೋನ್ ತ್ಸೋಂಗ್ ಸುಮ್' ಎಂದು ಇವತ್ತಿಗೂ ನೆನೆಯುತ್ತಾರೆ. ತ್ಸೋಂಗ್ ಅಂದರೆ ಲಿಂಬೂಗಳು. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೆಕ್ಕ ಬದಲಾಯಿತು. 1889ರಲ್ಲಿ ಬ್ರಿಟಿಷರು ಜೆ. ಸಿ. ವೈಟ್ ಎಂಬವರನ್ನು ಮೊದಲ ಪೊಲಿಟಿಕಲ್ ಆಫೀಸರನ್ನಾಗಿ ಕೂರಿಸಿದರು. ಕಾಡು ಕಡಿದು ಇಳಿಜಾರುಗಳನ್ನು ಮೆಟ್ಟಿಲು ಗದ್ದೆ ಮಾಡಬಲ್ಲ ರೈತರು ಬೇಕಿತ್ತು, ಕಂದಾಯ ಬೇಕಿತ್ತು. ಆ ಮೊದಲೇ ಶುರುವಾಗಿದ್ದ ನೇಪಾಳದ ಕಡೆಯ ವಲಸೆಗೆ ಸರ್ಕಾರಿ ಒತ್ತಾಸೆ ಸಿಕ್ಕಿತು. ತಾಮ್ರದ ಗಣಿ ಗುತ್ತಿಗೆ ಹಿಡಿದ ನೇವಾರ್ ಸಾಹುಕಾರರು ಬಂದರು, ಅವರ ಹಿಂದೆ ರಾಯ್, ಗುರುಂಗ್, ಮಂಗರ್, ತಮಾಂಗ್, ಛೇತ್ರಿ, ಬಾಹುನ್, ಕಾಮಿ, ದಮಾಯಿ ಕುಟುಂಬಗಳು ಬಂದವು. 1891ರ ಎಣಿಕೆಯಲ್ಲಿ ಒಟ್ಟು 30,458 ಜನ. ಅದರಲ್ಲಿ ಲೆಪ್ಚಾಗಳು 5,762, ಭುಟಿಯಾಗಳು 4,894, ಲಿಂಬೂಗಳು 3,356. ಮೂವರನ್ನೂ ಕೂಡಿಸಿದರೆ ಅರ್ಧಕ್ಕಿಂತ ಕಡಿಮೆ. ಅಂದರೆ ಹೊಸಬರ ಬಹುಮತ 1975ರಲ್ಲಿ ಸಿಕ್ಕಿಂ ಭಾರತದೊಂದಿಗೆ ವಿಲೀನವಾದುದರ ಫಲ ಎಂದು ಹೇಳುವವರು ಸುಮಾರು ಒಂದು ಶತಮಾನ ತಡವಾಗಿ ಕಥೆ ಶುರು ಮಾಡುತ್ತಿದ್ದಾರೆ.

ಲೆಪ್ಚಾಗಳು ನಶಿಸುತ್ತಿದ್ದಾರೆ ಎಂಬ ಇನ್ನೊಂದು ಮಾತಿದೆ. 1891ರಲ್ಲಿ 5,762 ಇದ್ದವರು 2011ರ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸುಮಾರು 43 ಸಾವಿರ. ತಲೆಯೆಣಿಕೆ ಏಳು ಪಟ್ಟು ಬೆಳೆದಿದೆ. ಕುಸಿದಿರುವುದು ಅವರ ಪಾಲು: ನೂರಕ್ಕೆ ಹತ್ತೊಂಬತ್ತರಿಂದ ಏಳಕ್ಕೆ. ಎರಡೂ ಏಕಕಾಲಕ್ಕೆ ನಿಜ. ಆದರೆ ರಾಜಕೀಯ ಭಾಷಣಗಳಲ್ಲಿ ಸಾಮಾನ್ಯವಾಗಿ ಒಂದೇ ಕೇಳಿಸುತ್ತದೆ.

ಪಾಲು ಕುಗ್ಗುವ ಹೆದರಿಕೆ ಮೊದಲು ಮುಟ್ಟಿದ್ದು ಜಮೀನನ್ನು. 1917ರ ರೆವಿನ್ಯೂ ಆರ್ಡರ್ ನಂಬರ್ 1 ಇವತ್ತಿಗೂ ಜಾರಿಯಲ್ಲಿದೆ: ಭುಟಿಯಾ ಮತ್ತು ಲೆಪ್ಚಾಗಳ ಜಮೀನನ್ನು ಬೇರೆಯವರು ಕೊಳ್ಳುವಂತಿಲ್ಲ. ಉತ್ತರದ ಝೋಂಗು ಕಣಿವೆಯಲ್ಲಿ ನಿಯಮ ಇನ್ನೂ ಬಿಗಿ. ಅದು ಲೆಪ್ಚಾಗಳಿಗೇ ಮೀಸಲಾದ ಪ್ರದೇಶ. ಹೊರಗಿನವರು ಒಳಗೆ ಹೋಗಬೇಕಾದರೂ ಪರವಾನಗಿ ಬೇಕು. ಲೆಪ್ಚಾ ನುಡಿ ಮನೆಯಲ್ಲಿ, ಹೊಲದಲ್ಲಿ, ಹಾದಿಯಲ್ಲಿ ಸಲೀಸಾಗಿ ಕೇಳಿಸುವ ಜಾಗವೂ ಅದೇ. ನೆಲದ ಕಾನೂನು ಭಾಷೆಗೂ ಬೇಲಿಯಾಯಿತು ಅನ್ನುವುದು ನನ್ನ ಗ್ರಹಿಕೆ. ಯಾವ ಭಾಷಾ ನೀತಿಗೂ ಅಷ್ಟು ಮಾಡಲು ಆಗಿಲ್ಲ.

ಇನ್ನು ಜನಗಣತಿಯ ಭಾಷಾ ಕೋಷ್ಟಕ. ಅದರ ಸಂಖ್ಯೆ ಸಿ-16. 2011ರಲ್ಲಿ ಸಿಕ್ಕಿಂನ ಸುಮಾರು 3.82 ಲಕ್ಷ ಜನ, ಅಂದರೆ ನೂರಕ್ಕೆ 62ಕ್ಕಿಂತ ಹೆಚ್ಚು ಮಂದಿ, ನೇಪಾಳಿ ತಮ್ಮ ಮಾತೃಭಾಷೆ ಎಂದರು. ಹಿಂದಿ ಎಂದವರು ಸುಮಾರು 48 ಸಾವಿರ, ಭುಟಿಯಾ 42 ಸಾವಿರದ ಹತ್ತಿರ, ಲಿಂಬೂ ಮತ್ತು ಲೆಪ್ಚಾ ತಲಾ 38 ಸಾವಿರದ ಆಸುಪಾಸು. ಶೆರ್ಪಾ ಸುಮಾರು 13,700, ತಮಾಂಗ್ 11,700, ರಾಯ್ 7,500. ಇದನ್ನು ನೋಡಿ 'ಸಿಕ್ಕಿಂನಲ್ಲಿ ನೇಪಾಳಿಗಳು ನೂರಕ್ಕೆ 62' ಎಂದು ಬರೆದರೆ ಎಡವಿದ ಹಾಗೆ. ನೇಪಾಳಿ ಸಮುದಾಯ ಎಂದು ಅಲ್ಲಿ ಕರೆಯುವ ಗುಂಪಿನೊಳಗೆ ರಾಯ್, ತಮಾಂಗ್, ಗುರುಂಗ್, ಮಂಗರ್, ಸುನುವಾರ್, ನೇವಾರ್ ಎಲ್ಲರೂ ಸೇರುತ್ತಾರೆ. ಇವರ ಹಿರಿಯರ ನುಡಿಗಳು ಟಿಬೆಟೊ-ಬರ್ಮನ್ ಕುಟುಂಬದವು, ಇಂಡೋ-ಆರ್ಯನ್ ಕುಟುಂಬದ ನೇಪಾಳಿಗೂ ಅವಕ್ಕೂ ರಕ್ತಸಂಬಂಧವೇ ಇಲ್ಲ. ಬೆಟ್ಟದಿಂದ ಬೆಟ್ಟಕ್ಕೆ ಹೋಗುತ್ತ, ಸಂತೆಯಲ್ಲಿ ವ್ಯವಹರಿಸುತ್ತ, ಬೇರೆ ಜಾತಿಯವರ ಜೊತೆ ಮದುವೆಯಾಗುತ್ತ ಬಹುಪಾಲು ಮನೆಗಳು ಎರಡು ಮೂರು ತಲೆಮಾರಿನಲ್ಲಿ ನೇಪಾಳಿಗೆ ಹೊರಳಿದವು. ಗ್ಯಾಂಗ್‌ಟಾಕ್‌ನ ಲಾಲ್ ಬಜಾರಿನಲ್ಲಿ ಭುಟಿಯಾ ಹೆಂಗಸು ಲಿಂಬೂ ರೈತನಿಂದ ತರಕಾರಿ ಕೊಳ್ಳುವುದು, ಮಾರ್ವಾಡಿ ಅಂಗಡಿಯವ ಇಬ್ಬರಿಗೂ ಲೆಕ್ಕ ಹೇಳುವುದು ನೇಪಾಳಿಯಲ್ಲೇ.

ಈ ಹೊರಳುವಿಕೆ ಎಷ್ಟು ಆಳಕ್ಕೆ ಹೋಗಿದೆ ಎಂದು ಅಳೆಯುವುದಕ್ಕೆ ಒಂದು ಸರಳ ದಾರಿಯಿದೆ. ಸಿ-16ರಲ್ಲಿ ಒಂದು ಭಾಷೆಯನ್ನು ಹೇಳಿದವರ ಸಂಖ್ಯೆಯನ್ನು ತೆಗೆದುಕೊಂಡು, ಪರಿಶಿಷ್ಟ ಪಂಗಡಗಳ ಕೋಷ್ಟಕವಾದ ಎ-11ರಲ್ಲಿ ಅದೇ ಸಮುದಾಯದ ಸಂಖ್ಯೆಯಿಂದ ಭಾಗಿಸಿ. 2011ರಲ್ಲಿ ಲಿಂಬೂಗಳು ಸುಮಾರು 53,700, ತಮಾಂಗರು 37,700, ಭುಟಿಯಾಗಳು 69,600. ಲೆಪ್ಚಾಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ತಮ್ಮ ಭಾಷೆ ಹೇಳಿದ್ದಾರೆ, ಲಿಂಬೂಗಳಲ್ಲಿ ಏಳು, ತಮಾಂಗರಲ್ಲಿ ಮೂರು. ಭುಟಿಯಾ ಲೆಕ್ಕ ಮಾಡುವಾಗ ಮಾತ್ರ ಎಚ್ಚರ ಬೇಕು: ಪಂಗಡದ ಪಟ್ಟಿಯಲ್ಲಿ ಶೆರ್ಪಾಗಳು ಭುಟಿಯಾ ಹೆಸರಿನಡಿ ಬರುತ್ತಾರೆ, ಭಾಷಾ ಪಟ್ಟಿಯಲ್ಲಿ ಶೆರ್ಪಾ ಬೇರೆ ಸಾಲು. ಹಾಗಾಗಿ ಭಾಗಿಸುವ ಮೊದಲು ಎರಡೂ ಭಾಷೆಗಳನ್ನು ಕೂಡಿಸಬೇಕು. ಆಗ ಹತ್ತಕ್ಕೆ ಎಂಟು ಬರುತ್ತದೆ. ಕೂಡಿಸದಿದ್ದರೆ ಆರು ಬಂದು, ಭುಟಿಯಾ ಭಾಷೆ ಕುಸಿದುಬಿದ್ದಿದೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಲೆಪ್ಚಾಗಳ ಹತ್ತಕ್ಕೆ ಒಂಬತ್ತನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಆಡುತ್ತಿದ್ದ ಭಾಷೆಯೇ ಮಾತೃಭಾಷೆ ಎಂಬುದು ಗಣತಿಯ ವ್ಯಾಖ್ಯಾನ. ಬಾಗಿಲಲ್ಲಿ ನಿಂತ ಗಣತಿದಾರನಿಗೆ ಜನ ಹೇಳುವುದು ಹಲವು ಸಲ ತಮ್ಮ ಕುಲದ ಭಾಷೆಯನ್ನು. ಪಂಗಡದ ಗುರುತು, ಶಾಲೆಯಲ್ಲಿ ಭಾಷಾ ಶಿಕ್ಷಕರ ಹುದ್ದೆ, ಸಮುದಾಯದ ಸಂಘದವರ ಕರೆ ಎಲ್ಲವೂ ಆ ಉತ್ತರದಲ್ಲಿ ಬೆರೆತಿರುತ್ತವೆ. ಝೋಂಗು ಬಿಟ್ಟು ಕೆಳಗಿಳಿದರೆ ಲೆಪ್ಚಾ ಎಂದು ಬರೆಸಿದ ಮನೆಯ ಮಕ್ಕಳು ಆಟವಾಡುವುದು ನೇಪಾಳಿಯಲ್ಲಿ. ತಮಾಂಗರ ಹತ್ತಕ್ಕೆ ಮೂರು ಹೆಚ್ಚು ಪ್ರಾಮಾಣಿಕ ಅಂಕಿ ಎಂದೇ ನನಗೆ ಅನಿಸುತ್ತದೆ. ದ್ವಿಭಾಷಿಕರನ್ನು ತೋರಿಸುವ ಸಿ-17 ಕೋಷ್ಟಕವನ್ನು ಪಕ್ಕದಲ್ಲಿಟ್ಟು ಓದಿದರೆ ನೇಪಾಳಿಯ ನಿಜವಾದ ಹರವು ಕಾಣುತ್ತದೆ.

ರಾಯ್ ಎಂಬ ಸಾಲಿನದು ಬೇರೆಯೇ ತೊಡಕು. ರಾಯ್ ಒಂದು ಸಮುದಾಯದ ಹೆಸರು, ಒಂದು ಭಾಷೆಯದಲ್ಲ. ಬಂತವಾ, ಚಾಮ್ಲಿಂಗ್, ಕುಲುಂಗ್, ಥುಲುಂಗ್ ಹೀಗೆ ಹಲವು ಕಿರಾಂತಿ ಭಾಷೆಗಳು ಅದರಡಿ ಇವೆ. ಒಂದನ್ನು ಆಡುವವರಿಗೆ ಇನ್ನೊಂದು ಅರ್ಥವಾಗಬೇಕೆಂದಿಲ್ಲ. ಸಿಕ್ಕಿಂ ಸರ್ಕಾರ ರಾಯ್ ಭಾಷೆ ಎಂದು ಪಾಠ ಮಾಡಿಸುವಾಗ ಆರಿಸಿಕೊಂಡದ್ದು ಬಂತವಾವನ್ನು. ಕುಲುಂಗ್ ಮನೆಯ ಮಗುವಿಗೆ 'ತನ್ನ ಭಾಷೆ'ಯ ಪಠ್ಯಪುಸ್ತಕ ನೇಪಾಳಿಗಿಂತಲೂ ಅಪರಿಚಿತವಾಗಿರಬಹುದು.

ರಾಯ್, ಗುರುಂಗ್, ಬಾಹುನ್, ಛೇತ್ರಿಗಳು ಇಂತಿಷ್ಟು ಶೇಕಡಾ ಎಂದು ಅಂತರ್ಜಾಲದಲ್ಲಿ ಓಡಾಡುವ ಪಟ್ಟಿಗಳನ್ನು 2011ರ ಜನಗಣತಿಯದು ಎಂದು ಯಾರಾದರೂ ಕೊಟ್ಟರೆ ನಂಬಬೇಡಿ. ಆ ಜನಗಣತಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಬಿಟ್ಟು ಬೇರೆ ಯಾವ ಜಾತಿಯ ಅಂಕಿಯನ್ನೂ ಪ್ರಕಟಿಸಿಲ್ಲ.

ಎರಡನೆಯ ದಫ್ತರಕ್ಕೆ ಬಂದರೆ, 2001ರಲ್ಲಿ ಸಿಕ್ಕಿಂನ ಪರಿಶಿಷ್ಟ ಪಂಗಡದವರು ನೂರಕ್ಕೆ 20.6, 2011ರಲ್ಲಿ 33.8. ಹತ್ತು ವರ್ಷದಲ್ಲಿ ಬುಡಕಟ್ಟು ಜನ ಇಷ್ಟು ಹೆಚ್ಚಿದರೇ? ಇಲ್ಲ. 1978ರ ಆದೇಶದ ಪಟ್ಟಿಯಲ್ಲಿ ಇದ್ದದ್ದು ಭುಟಿಯಾ ಮತ್ತು ಲೆಪ್ಚಾ ಎರಡೇ ಹೆಸರು. 2003ರಲ್ಲಿ ಲಿಂಬೂ ಮತ್ತು ತಮಾಂಗರನ್ನು ಸೇರಿಸಿದರು. ಇಂಥ ಜಿಗಿತ ಕರ್ನಾಟಕಕ್ಕೂ ಹೊಸದಲ್ಲ. 1971ರಲ್ಲಿ ನಮ್ಮಲ್ಲಿ ಪರಿಶಿಷ್ಟ ಪಂಗಡದವರು 2.31 ಲಕ್ಷ, 1981ರಲ್ಲಿ 18.25 ಲಕ್ಷ. ನಡುವೆ ಆದದ್ದು 1976ರ ಕಾಯ್ದೆ: ಕೆಲವೇ ಪ್ರದೇಶಗಳಿಗೆ ಸೀಮಿತವಾಗಿದ್ದ ಪಟ್ಟಿ ಇಡೀ ರಾಜ್ಯಕ್ಕೆ ಅನ್ವಯವಾಯಿತು, ಪಟ್ಟಿಯಲ್ಲಿದ್ದ ಹೆಸರನ್ನೇ ಹೋಲುವ ನಾಯಕ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿ ಅದರಡಿ ಎಣಿಕೆಯಾದರು. ಗಣತಿಗಳ ನಡುವೆ ಅಂಕಿ ಹಾರಿದಾಗ ಮೊದಲು ಹೆರಿಗೆ ಆಸ್ಪತ್ರೆಯ ಕಡೆ ನೋಡಬಾರದು, ಗೆಜೆಟ್ ಕಡೆ ನೋಡಬೇಕು.

ಆ 1978ರ ಆದೇಶದಲ್ಲಿ 'ಭುಟಿಯಾ' ಎಂಬ ಪದದ ಮುಂದೆ ಒಂದು ವಿವರಣೆಯಿದೆ. ಚುಂಬಿಪಾ, ದೋಪ್ತಾಪಾ, ದುಕ್ಪಾ, ಕಾಗತೇ, ಶೆರ್ಪಾ, ಟಿಬೆಟನ್, ಟ್ರೋಮೋಪಾ, ಯೋಲ್ಮೋ ಈ ಎಂಟೂ ಭುಟಿಯಾದೊಳಗೆ ಸೇರಿವೆ. ಇದೇ ವಿವರಣೆ ಚುನಾವಣಾ ಕಾಯ್ದೆಯಲ್ಲೂ ಇದೆ, ಅಲ್ಲಿಂದಲೇ ಮೂರನೆಯ ದಫ್ತರದ ಗೋಜಲು ಶುರುವಾಗುವುದು.

ಸಿಕ್ಕಿಂ ವಿಧಾನಸಭೆಯಲ್ಲಿ 32 ಸ್ಥಾನ. 12 ಭುಟಿಯಾ-ಲೆಪ್ಚಾಗಳಿಗೆ, 2 ಪರಿಶಿಷ್ಟ ಜಾತಿಗೆ, 1 ಸಂಘಕ್ಕೆ (ಬೌದ್ಧ ಸನ್ಯಾಸಿಗಳ ಸಮುದಾಯಕ್ಕೆ), ಉಳಿದ 17 ಸಾಮಾನ್ಯ. ಈ ಹಂಚಿಕೆಯ ಬೇರು ರಾಜರ ಕಾಲದ ಸಮಪಾಲು ಸೂತ್ರದಲ್ಲಿದೆ. 1950ರ ದಶಕದ ಸ್ಟೇಟ್ ಕೌನ್ಸಿಲಿನಲ್ಲಿ ಚುನಾಯಿತ ಸ್ಥಾನಗಳು ಭುಟಿಯಾ-ಲೆಪ್ಚಾಗಳಿಗೆ ಆರು, ನೇಪಾಳಿಗಳಿಗೆ ಆರು. ಜನಸಂಖ್ಯೆಯಲ್ಲಿ ನೇಪಾಳಿಗಳು ಬಹುಪಾಲು ಇದ್ದರೂ ತಕ್ಕಡಿ ಸಮ. 1966ರಲ್ಲಿ ತ್ಸೋಂಗ್, ಅಂದರೆ ಲಿಂಬೂಗಳಿಗೆಂದೇ ಒಂದು ಸ್ಥಾನ ಬಂತು. 1974ರ ಹೊಸ ವ್ಯವಸ್ಥೆಯಲ್ಲಿ ಆ ಸ್ಥಾನ ಮಾಯವಾಯಿತು. 1980ರ ತಿದ್ದುಪಡಿಯಲ್ಲಿ ನೇಪಾಳಿಗಳ ಮೀಸಲು ಸ್ಥಾನಗಳೂ ಹೋದವು.

ಹೀಗಾಗಿ ಇವತ್ತಿನ ಸ್ಥಿತಿ ನೋಡಿ. ಶೆರ್ಪಾ ಅಥವಾ ಯೋಲ್ಮೋ ಅಭ್ಯರ್ಥಿ ಭುಟಿಯಾ-ಲೆಪ್ಚಾ ಕ್ಷೇತ್ರದಲ್ಲಿ ನಿಲ್ಲಬಹುದು, ಕಾನೂನಿನ ಕಣ್ಣಿಗೆ ಅವರು ಭುಟಿಯಾಗಳೇ. ರಾಜ್ಯ ಕಟ್ಟಿದ ಮೂವರಲ್ಲಿ ಒಬ್ಬರಾದ ಲಿಂಬೂಗಳು ನಿಲ್ಲುವಂತಿಲ್ಲ. ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಅವರ ಬಳಿ 2003ರಿಂದ ಇದೆ. ಆದರೆ ಸಿಕ್ಕಿಂನಲ್ಲಿ ಪಂಗಡದ ಹೆಸರಿನ ವಿಧಾನಸಭಾ ಕ್ಷೇತ್ರವೇ ಇಲ್ಲ. ಇರುವುದು ಭುಟಿಯಾ-ಲೆಪ್ಚಾ ಕ್ಷೇತ್ರ. 2024ರ ಚುನಾವಣೆಯೂ ಲಿಂಬೂ-ತಮಾಂಗ್ ಮೀಸಲು ಇಲ್ಲದೆಯೇ ನಡೆಯಿತು. ಹೊಸ ಸ್ಥಾನ ಸೃಷ್ಟಿಸಬೇಕೋ, 12ರಲ್ಲಿ ಪಾಲು ಕೊಡಬೇಕೋ, 17ರಲ್ಲಿ ಕತ್ತರಿಸಬೇಕೋ ಎಂಬಲ್ಲಿ ಮಾತು ನಿಲ್ಲುತ್ತದೆ, ಏಕೆಂದರೆ ಮೂರರಲ್ಲೂ ಯಾರಾದರೊಬ್ಬರಿಗೆ ನೋವು. ಇದರ ಜೊತೆಗೆ ಪಟ್ಟಿಯಿಂದ ಹೊರಗುಳಿದ ಹತ್ತಕ್ಕೂ ಹೆಚ್ಚು ಸಮುದಾಯಗಳು ತಮ್ಮನ್ನೂ ಪಂಗಡಕ್ಕೆ ಸೇರಿಸಿ ಎಂದು ಕೇಳುತ್ತಿವೆ. ಅವುಗಳಲ್ಲಿ ರಾಯ್, ಗುರುಂಗ್, ಮಂಗರರ ಜೊತೆ ಬಾಹುನ್, ಛೇತ್ರಿ, ನೇವಾರರೂ ಇದ್ದಾರೆ. ಎಲ್ಲರೂ ಸೇರಿದರೆ ಇಡೀ ರಾಜ್ಯವೇ ಬುಡಕಟ್ಟು ರಾಜ್ಯವಾಗುತ್ತದೆ. ಬೇಡಿಕೆಯ ಆಶಯವೂ ಅದೇ.

ಸಂಘ ಕ್ಷೇತ್ರದ ಬಗ್ಗೆ ಎರಡು ಮಾತು. ಅದಕ್ಕೆ ಭೂಪಟದಲ್ಲಿ ಗಡಿ ಇಲ್ಲ. 1974ರ ಚುನಾವಣೆಗೆ ಮಾನ್ಯತೆ ಪಡೆದಿದ್ದ ಬೌದ್ಧ ಮಠಗಳಿಗೆ ಸೇರಿದ ಸನ್ಯಾಸಿಗಳು ಮಾತ್ರ ಅದರ ಮತದಾರರು, ಅವರಿಗೆ ಪ್ರತ್ಯೇಕ ಮತದಾರರ ಪಟ್ಟಿ. ಧರ್ಮದ ಆಧಾರದ ಕ್ಷೇತ್ರ ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಸಿಕ್ಕಿಂಗೆ ವಿಶೇಷ ಏರ್ಪಾಡು ಕೊಡುವ ಸಂವಿಧಾನದ 371ಎಫ್ ವಿಧಿಯ ಬಲದಿಂದ 1993ರಲ್ಲಿ ಆ ಕ್ಷೇತ್ರ ಉಳಿದುಕೊಂಡಿತು. ಇಲ್ಲೂ ಒಂದು ತಪ್ಪು ಗ್ರಹಿಕೆ ಸಾಮಾನ್ಯ: ಬೌದ್ಧರು ಅಂದರೆ ಭುಟಿಯಾ-ಲೆಪ್ಚಾ ಎಂದು. 2011ರಲ್ಲಿ ಬೌದ್ಧರು ನೂರಕ್ಕೆ 27.4, ಸುಮಾರು 1.67 ಲಕ್ಷ. ಶೆರ್ಪಾ ಸಮೇತ ಭುಟಿಯಾಗಳನ್ನೂ ಲೆಪ್ಚಾಗಳನ್ನೂ ಪೂರ್ತಿ ಕೂಡಿಸಿದರೂ 1.13 ಲಕ್ಷ ದಾಟುವುದಿಲ್ಲ, ಅದರಲ್ಲೂ ಲೆಪ್ಚಾಗಳಲ್ಲಿ ಕ್ರೈಸ್ತರು ಸಾಕಷ್ಟಿದ್ದಾರೆ. ಉಳಿದ ಬೌದ್ಧರಲ್ಲಿ ಹೆಚ್ಚಿನವರು ನೇಪಾಳಿ ಮಾತಾಡುವ ತಮಾಂಗ್, ಗುರುಂಗ್ ಮನೆಗಳವರು.

ನಾಲ್ಕನೆಯ ದಫ್ತರ 1961ರ ಸಿಕ್ಕಿಂ ಪ್ರಜಾ ನಿಯಮಾವಳಿಯದು. ಆ ರಿಜಿಸ್ಟರಿನಲ್ಲಿ 1975ರ ಏಪ್ರಿಲ್ 26ರ ಮುಂಚೆ ಹೆಸರಿದ್ದವರು ಮತ್ತು ಅವರ ವಂಶಸ್ಥರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೆ ಹಲವು ತಲೆಮಾರಿನಿಂದ ಅಂಗಡಿ ನಡೆಸುತ್ತಿದ್ದ, ಭಾರತೀಯ ಪೌರತ್ವ ಬಿಡಲೊಪ್ಪದೆ ಹೆಸರು ಬರೆಸದ ವ್ಯಾಪಾರಿ ಕುಟುಂಬಗಳು ಹೊರಗುಳಿದವು. 2023ರ ಜನವರಿ 13ರಂದು ಸುಪ್ರೀಂ ಕೋರ್ಟ್ ಈ ಹಳೆಯ ನಿವಾಸಿಗಳಿಗೂ ವಿನಾಯಿತಿ ಕೊಟ್ಟಿತು. 2008ರ ನಂತರ ಹೊರಗಿನವರನ್ನು ಮದುವೆಯಾದ ಸಿಕ್ಕಿಂ ಹೆಂಗಸರಿಗೆ ವಿನಾಯಿತಿ ತಪ್ಪಿಸಿದ್ದ ಷರತ್ತನ್ನೂ ತೆಗೆದುಹಾಕಿತು. ತೀರ್ಪಿಗಿಂತ ಹೆಚ್ಚು ಗದ್ದಲವಾದದ್ದು ಅದರಲ್ಲಿ ಸಿಕ್ಕಿಂ ನೇಪಾಳಿಗಳನ್ನು ವಿದೇಶಿ ಮೂಲದವರೆಂದು ಕರೆದಿದ್ದ ಒಂದು ಮಾತಿಗೆ. ರಾಜ್ಯವಿಡೀ ಬೀದಿಗಿಳಿಯಿತು, ಫೆಬ್ರುವರಿಯಲ್ಲಿ ಕೋರ್ಟು ಆ ಪದಗಳನ್ನು ಕೈಬಿಟ್ಟಿತು. ಅದೇ ರಾಜರ ರಿಜಿಸ್ಟರಿನಲ್ಲಿ ಹೆಸರಿದ್ದ ನೇಪಾಳಿ ಕುಟುಂಬಗಳಿಗೆ ಆ ಮಾತು ಯಾಕೆ ಅಷ್ಟು ಚುಚ್ಚಿತು ಎಂದು ಬೇರೆ ವಿವರಿಸಬೇಕಿಲ್ಲ.

ಲಿಂಗಾನುಪಾತದ ವಿಷಯದಲ್ಲೂ ಅವಸರದ ಓದು ದಾರಿ ತಪ್ಪಿಸುತ್ತದೆ. 2011ರಲ್ಲಿ ಸಾವಿರ ಗಂಡಸರಿಗೆ 890 ಹೆಂಗಸರು. ಹೆಣ್ಣುಭ್ರೂಣ ಹತ್ಯೆಯೇ ಎಂದು ಕೇಳುವ ಮೊದಲು ಆರು ವರ್ಷದೊಳಗಿನ ಮಕ್ಕಳ ಅನುಪಾತ ನೋಡಿ: 957. ದೇಶದ ಸರಾಸರಿ 919 ಇದ್ದಾಗ ಇದು ಚೆನ್ನಾಗಿಯೇ ಇದೆ. ಉತ್ತರ ಜಿಲ್ಲೆಯಲ್ಲಿ ಒಟ್ಟು ಅನುಪಾತ 770ರ ಆಸುಪಾಸಿಗೆ ಇಳಿದಿರುವುದೇ ಸುಳಿವು. ಗಡಿ ರಸ್ತೆ ಕೆಲಸಗಾರರು, ಸೈನಿಕರು, ಜಲವಿದ್ಯುತ್ ಯೋಜನೆಗಳ ಕೂಲಿಗಳು ಗಣತಿಯ ದಿನ ಅಲ್ಲಿದ್ದ ಗಂಡಸರು. ರಾಜ್ಯದ ನೂರಕ್ಕೆ 60ರಷ್ಟು ನೆಲವಿರುವ ಆ ಜಿಲ್ಲೆಯಲ್ಲಿ ಇದ್ದದ್ದೇ 43,709 ಜನ, ಹಾಗಾಗಿ ಕೆಲವು ಸಾವಿರ ಕೆಲಸಗಾರರು ಸೇರಿದರೂ ಅನುಪಾತ ವಾಲುತ್ತದೆ. ಹಿಂದಿ ಭಾಷೆಯ 48 ಸಾವಿರದಲ್ಲಿ ಒಂದು ಪಾಲೂ ಇಂಥವರದೇ. (2021ರ ಡಿಸೆಂಬರಿನಿಂದ ಉತ್ತರ ಜಿಲ್ಲೆಯ ಹೆಸರು ಮಂಗನ್. ಪಾಕ್ಯೋಂಗ್, ಸೋರೆಂಗ್ ಸೇರಿ ಜಿಲ್ಲೆಗಳು ನಾಲ್ಕರಿಂದ ಆರಾಗಿವೆ. ಹಳೆಯ ಅಂಕಿಗಳನ್ನು ಹೊಸ ನಕ್ಷೆಗೆ ಹಚ್ಚಬೇಡಿ.)

ಭಾಷೆಗಳ ಮಟ್ಟಿಗೆ ಸಿಕ್ಕಿಂನ ಕಾಗದದ ಕೆಲಸ ಮೆಚ್ಚುವಂಥದ್ದು. 1977ರ ಕಾಯ್ದೆ ನೇಪಾಳಿ, ಭುಟಿಯಾ, ಲೆಪ್ಚಾಗಳನ್ನು ಅಧಿಕೃತ ಭಾಷೆಗಳೆಂದಿತು. 1981ರಲ್ಲಿ ಲಿಂಬೂ, 1990ರ ದಶಕದ ಮಧ್ಯದಲ್ಲಿ ನೇವಾರಿ, ರಾಯ್, ಗುರುಂಗ್, ಮಂಗರ್, ಶೆರ್ಪಾ, ತಮಾಂಗ್, ಸುನುವಾರ್ ಸೇರಿದವು. ಸಂವಿಧಾನದ ಎಂಟನೆಯ ಅನುಸೂಚಿಗೆ ನೇಪಾಳಿ ಸೇರಿದ್ದು 1992ರಲ್ಲಿ, ನಮ್ಮ ಕರಾವಳಿಯ ಕೊಂಕಣಿ ಸೇರಿದ ಅದೇ ತಿದ್ದುಪಡಿಯಲ್ಲಿ. ಲಿಪಿಗಳೂ ಬೇರೆ ಬೇರೆ. ನೇಪಾಳಿಗೆ ದೇವನಾಗರಿ, ಭುಟಿಯಾಕ್ಕೆ ಟಿಬೆಟನ್. ಲಿಂಬೂಗಳ ಸಿರಿಜಂಗಾ ಲಿಪಿಯನ್ನು ಹದಿನೆಂಟನೆಯ ಶತಮಾನದಲ್ಲಿ ಊರೂರು ತಿರುಗಿ ಕಲಿಸಿದ ತೇ-ಓಂಗ್ಸಿ ಸಿರಿಜಂಗಾ ಪಶ್ಚಿಮ ಸಿಕ್ಕಿಂನ ಮಾರ್ತಾಮ್‌ನಲ್ಲಿ ಕೊಲೆಯಾದನೆಂದು ಲಿಂಬೂಗಳು ಸ್ಮರಿಸುತ್ತಾರೆ. ಲೆಪ್ಚಾ ಲಿಪಿಯಲ್ಲಿ ಕನ್ನಡದ ಓದುಗರಿಗೆ ಕುತೂಹಲದ ಸಂಗತಿಯೊಂದಿದೆ: ನಾವು ವ್ಯಂಜನ ಕೂಡಿದಾಗ ಒತ್ತನ್ನು ಕೆಳಗೆ ಇಳಿಸುತ್ತೇವೆ, ಅವರು ಉಚ್ಚಾರದ ಕೊನೆಗೆ ಬರುವ ವ್ಯಂಜನವನ್ನು ಅಕ್ಷರದ ನೆತ್ತಿಯ ಮೇಲೆ ಗುರುತಾಗಿ ಇಡುತ್ತಾರೆ. ಲಿಂಬೂ 2003ರಲ್ಲೇ ಯೂನಿಕೋಡ್ ಸೇರಿತು, ಲೆಪ್ಚಾ 2008ರಲ್ಲಿ.

ಕಾಗದ ಬಿಟ್ಟು ತರಗತಿಗೆ ಬಂದರೆ ಗಣಿತ ಕಷ್ಟವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಿಕ್ಕಿಂನ ಹೆಣ್ಣೊಬ್ಬಳಿಗೆ ಸರಾಸರಿ 1.1 ಮಕ್ಕಳು, ದೇಶದಲ್ಲೇ ಅತಿ ಕಡಿಮೆ. 2023ರ ಜನವರಿಯಲ್ಲಿ ಮುಖ್ಯಮಂತ್ರಿ ಪ್ರೇಮ್ ಸಿಂಗ್ ತಮಾಂಗ್ ಸರ್ಕಾರಿ ನೌಕರಿಯ ಹೆಂಗಸರಿಗೆ ಎರಡನೆಯ ಮಗುವಿಗೆ ಒಂದು, ಮೂರನೆಯದಕ್ಕೆ ಎರಡು ವೇತನ ಬಡ್ತಿ ಘೋಷಿಸಿದರು. ಒಂದು ವರ್ಷದ ಹೆರಿಗೆ ರಜೆಯೂ ಇದೆ. ಸಂಬಳದ ಕೆಲಸದಲ್ಲಿರುವವರಿಗೆ ಇದು ಸರಿ, ಏಲಕ್ಕಿ ತೋಟದ ಮನೆಗೆ ತಾಕುವುದಿಲ್ಲ. ಒಂದು ಹಳ್ಳಿ ಶಾಲೆಯ ತರಗತಿಯಲ್ಲಿ ಹನ್ನೆರಡು ಮಕ್ಕಳಿದ್ದಾರೆ ಎಂದುಕೊಳ್ಳಿ. ಅವರು ನೇಪಾಳಿ, ಭುಟಿಯಾ, ಲೆಪ್ಚಾ, ಲಿಂಬೂ ಎಂದು ನಾಲ್ಕು ಕಡೆ ಹಂಚಿಹೋದರೆ ಒಂದೊಂದು ಪಾಠಕ್ಕೆ ಸರಾಸರಿ ಮೂರು ಮಕ್ಕಳು, ನಾಲ್ವರು ಶಿಕ್ಷಕರು. ಮಕ್ಕಳು ಆರಕ್ಕಿಳಿದಾಗ ಮೊದಲು ಖಾಲಿ ಬೀಳುವುದು ನೇಪಾಳಿ ಶಿಕ್ಷಕರ ಕುರ್ಚಿಯಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ನಿಗದಿಯಾಗಿದೆ, ಈ ಸಲ ಎಲ್ಲರ ಜಾತಿಯನ್ನೂ ಕೇಳುತ್ತಾರೆ. ಹಾಗಾದರೆ ಸಿ-16ನ್ನು ಎ-11ರಿಂದ ಭಾಗಿಸಿದ ಲೆಕ್ಕವನ್ನು ರಾಯ್, ಗುರುಂಗ್, ಮಂಗರರಿಗೂ ಮಾಡಿ ನೋಡಬಹುದು. ತಮಾಂಗರ ಹತ್ತಕ್ಕೆ ಮೂರಕ್ಕಿಂತ ಅದು ಕೆಳಗೇ ಇರುತ್ತದೆಂದು ನನ್ನ ಎಣಿಕೆ.